ಸರ್ಫ್‌ಸ್ಕೀ ಅಲೆ ದಾಟದಿದ್ದರೆ ದೋಷ ಎಲ್ಲಿ ಹುಡುಕಬೇಕು?

ಮೋಟಾರ್ ಓಡುತ್ತಿದೆ, ನೀರು ಬರುತ್ತಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಸಕಲೇಶಪುರದ ತೋಟಗಳಿಂದ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ ದೂರು. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟು ಸ್ಪ್ರಿಂಕ್ಲರ್ ಹಾಕುವ ಸಮಯ ಅದು. ಎಲ್ಲರಿಗೂ ತಲೆ ಬಿಸಿ. ಬೈಗುಳ ತಿನ್ನುವುದು ಮೋಟಾರ್. ಹೋಗಿ ನೋಡಿದರೆ ಕೆರೆಯ ತಳದಲ್ಲಿ, ನೀರು ಹೀರುವ ಪೈಪಿನ ಬಾಯಲ್ಲಿರುವ ಫುಟ್‌ವಾಲ್ವ್‌ಗೆ ಒಂದು ಎಲೆ ಸಿಕ್ಕಿಕೊಂಡಿರುತ್ತದೆ. ದೋಷ ಕಾಣುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು.

ಸರ್ಫ್‌ಸ್ಕೀ ಅನ್ನುವ ಕಡಲ ದೋಣಿಯ ವಿಷಯದಲ್ಲೂ ಹಾಗೇ. ಒಡೆಯುವ ಅಲೆ ದಾಟಿ ದಡದಿಂದ ಹೊರಗೆ ಹೋಗುವಾಗ ಅಲೆ ಎತ್ತಿ ಎಸೆಯುತ್ತದೆ, ನಾವು ಅಲೆಯನ್ನು ಬೈಯುತ್ತೇವೆ. ತಪ್ಪು ದಡದಲ್ಲೇ ಆಗಿರುತ್ತದೆ. ಒಮ್ಮೊಮ್ಮೆ ಅದಕ್ಕೂ ಹಿಂದೆ, ಹಾಸನದ ಕೆರೆಯಲ್ಲೇ ಆಗಿರುತ್ತದೆ.

ನಾನು ಹಾಸನದವನು, ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಪರಿಚಯದ ತೋಟವೊಂದರ ಕೆರೆಯಲ್ಲಿ ಸ್ಕೀ ಅಭ್ಯಾಸ ಮಾಡುತ್ತೇನೆ. ಆಗಾಗ ಶಿರಾಡಿ ಘಾಟಿ ಇಳಿದು ಕಡಲಿಗೆ ಹೋಗುತ್ತೇನೆ. ನಮ್ಮಂಥ ಒಳನಾಡಿನವರು ಅಲೆಯಲ್ಲಿ ಮಾಡುವ ತಪ್ಪು ಬೇರೆ ಥರ. ನೀರು ನಿಂತಿರುತ್ತದೆ ಅನ್ನುವ ನಂಬಿಕೆ ನಮ್ಮ ಕೈಕಾಲಲ್ಲೇ ಕೂತುಬಿಟ್ಟಿರುತ್ತದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸರ್ಫ್‌ಸ್ಕೀ ಅಂದರೆ 6 ಮೀಟರ್ ಆಸುಪಾಸು ಉದ್ದ, ಹೆಚ್ಚುಕಡಿಮೆ ಅರ್ಧ ಮೀಟರ್ ಅಗಲದ ದೋಣಿ. ಹಗುರದ್ದು 10-12 ಕೆಜಿ, ಗಟ್ಟಿಯದ್ದು 18-20 ಕೆಜಿ ತೂಗುತ್ತದೆ. ಒಳಗೆ ತೂರಿ ಕೂರುವುದಲ್ಲ, ಮೇಲೆ ಮಾಡಿರುವ ಗುಂಡಿಯಲ್ಲಿ ಕೂರುವುದು. ಕಾಲಿನ ಹತ್ತಿರ ಎರಡು ಪೆಡಲ್ ಇರುತ್ತವೆ, ಅವಕ್ಕೂ ಹಿಂದಿನ ರಡ್ಡರಿಗೂ, ಅಂದರೆ ಚುಕ್ಕಾಣಿಗೂ, ದಾರ ಕಟ್ಟಿರುತ್ತದೆ. ಕಾಲಿನದ್ದು ಪೆಡಲ್, ಕೈಯಿನದ್ದು ಪ್ಯಾಡಲ್. ಗೊಂದಲ ಬೇಡ ಅಂತ ಕೈಯಿನದ್ದನ್ನು ಹುಟ್ಟು ಅಂತಲೇ ಬರೆಯುತ್ತೇನೆ. 1912ರ ಸುಮಾರಿಗೆ ಇದರ ಹಳೆಯ ರೂಪವನ್ನು ಬಳಸಿದವರು ಆಸ್ಟ್ರೇಲಿಯಾದ ಪೋರ್ಟ್ ಮೆಕ್ವಾರಿ ಹತ್ತಿರ ಸಿಂಪಿ ಸಾಕುತ್ತಿದ್ದ ಅಣ್ಣತಮ್ಮಂದಿರು, ಅದೂ ಒಂದು ಸರೋವರದಲ್ಲಿ. ಕೆರೆಯವರು ಅಂತ ನಾವು ನಾಚಿಕೊಳ್ಳಬೇಕಾಗಿಲ್ಲ.

ಲೈಫ್ ಜಾಕೆಟ್ ಇಲ್ಲದೆ, ಒಬ್ಬರೇ ಹೋಗುವವರಿಗೆ ಈ ಬರಹ ಅಲ್ಲ.

ಮೊದಲು ಕಡಲನ್ನು ನೋಡಿ

ಲೈನಿನಲ್ಲಿ ಕರೆಂಟ್ ಇದೆಯಾ ಅಂತ ನೋಡದೆ ಮೋಟಾರ್ ಬಿಚ್ಚಬಾರದು. ಹಾಗೇ, ಇವತ್ತು ಯಾರಾದರೂ ದಾಟಬಹುದಾದ ಕಡಲಾ ಅಂತ ನೋಡದೆ ನಿಮ್ಮ ತಪ್ಪು ಹುಡುಕಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಸ್ಕೀ ಇಳಿಸುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯೇ ನಿಂತಿರುತ್ತದೆ. ಅದು ಮೀನು ಮರಿ ಮಾಡುವ ಕಾಲ ಅಂತ ಮಾಡಿದ ನಿಯಮ ನಿಜ. ಆದರೆ ಆಗಿನ ಕಡಲು ನೋಡಿದವರಿಗೆ ಬೇರೆ ಕಾರಣ ಹೇಳಬೇಕಾಗಿಲ್ಲ.

ಉಳಿದ ತಿಂಗಳಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಕಡಲ ಮುನ್ಸೂಚನೆ ನೋಡಿಕೊಳ್ಳಿ. ಅದರಲ್ಲಿ ಅಲೆಯ ಎತ್ತರ ಇರುತ್ತದೆ, ಎರಡು ಅಲೆಗಳ ನಡುವಿನ ಸಮಯವೂ ಇರುತ್ತದೆ. ಎಲ್ಲರೂ ಎತ್ತರ ನೋಡುತ್ತಾರೆ, ಸಮಯ ಬಿಡುತ್ತಾರೆ. 7 ಸೆಕೆಂಡಿಗೊಂದು ಬರುವ 1 ಮೀಟರ್ ಅಲೆ ಬೇರೆ, 14 ಸೆಕೆಂಡಿಗೊಂದು ಬರುವ 1 ಮೀಟರ್ ಅಲೆ ಬೇರೆ. ಎರಡನೆಯದು ದಡಕ್ಕೆ ತರುವ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಎತ್ತರವೇ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ಬೆಳಗಲ್ಲೂ ದಡದಲ್ಲಿ ದೊಡ್ಡ ಅಲೆ ಬಡಿಯುವುದುಂಟು. ಅದು ಸಾವಿರಾರು ಕಿಲೋಮೀಟರ್ ದಕ್ಷಿಣದ ಬಿರುಗಾಳಿಯಿಂದ ಹೊರಟು ಬಂದದ್ದು. ಕೇರಳದ ಮೀನುಗಾರರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಅಂಥ ಎಚ್ಚರಿಕೆ ಇದ್ದ ದಿನ ಘಾಟಿ ಇಳಿಯಲೇಬೇಡಿ, ಡೀಸೆಲ್ ಉಳಿಯುತ್ತದೆ.

ಗಾಳಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗ್ಗೆ ನೆಲದಿಂದ ಕಡಲಿಗೆ ಬೀಸುತ್ತದೆ, ಆಗ ಅಲೆ ನಯವಾಗಿರುತ್ತದೆ. ಮಧ್ಯಾಹ್ನ ಕಡಲಿಂದ ಬೀಸುತ್ತದೆ, ಎಲ್ಲ ಕೆಡುತ್ತದೆ. ನಾವು ರಾತ್ರಿ 2ಕ್ಕೆ ಹಾಸನ ಬಿಡುವುದು ಇದಕ್ಕೇ.

ದಡದ ಇಳಿಜಾರನ್ನು ಮಾತ್ರ ಕಾಲಲ್ಲೇ ಅಳೆಯಿರಿ. ಮೊಣಕಾಲು ನೀರಿನಿಂದ ನಾಲ್ಕು ಹೆಜ್ಜೆಗೇ ಎದೆ ಮಟ್ಟ ಬಂತಾ? ಹಾಗಾದರೆ ಅಲೆ ಕಡೇ ಗಳಿಗೆಯಲ್ಲಿ ಎದ್ದು ಒಂದೇ ಸಲ ಕೆಳಗೆ ಕುಟ್ಟುತ್ತದೆ. ಅಂಥಲ್ಲಿ ಸ್ಕೀ ಮುರಿಯುತ್ತದೆ, ಬೆನ್ನೂ ಮುರಿಯಬಹುದು. ನಿಧಾನವಾಗಿ ಆಳವಾಗುವ ದಡದಲ್ಲಿ ಅಲೆ ದೂರದಿಂದಲೇ ನೊರೆಯಾಗುತ್ತಾ ಬರುತ್ತದೆ, ಅದರ ಜೊತೆ ಮಾತಾಡಬಹುದು. ಅಂದಾಜು ಲೆಕ್ಕ ಹೀಗಿದೆ: 1 ಮೀಟರ್ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಒಡೆಯುತ್ತದೆ. ಅಲೆ ಎಲ್ಲಿ ಒಡೆಯುತ್ತಿದೆ ಅಂತ ನೋಡಿದರೆ ನೀರಿನ ತಳದ ನಕ್ಷೆಯೇ ಸಿಕ್ಕಿದ ಹಾಗೆ. ಎರಡು ನೊರೆಪಟ್ಟಿಗಳ ನಡುವೆ ಅಲೆ ಒಡೆಯದ ಕಪ್ಪು ನೀರಿನ ಓಣಿ ಕಂಡರೆ ಅಲ್ಲಿ ಆಳ ಜಾಸ್ತಿ. ದಡಕ್ಕೆ ಬಂದ ನೀರು ಅಲ್ಲಿಂದಲೇ ವಾಪಸ್ ಹೋಗುತ್ತದೆ. ಈಜುವವರನ್ನು ಎಳೆದೊಯ್ಯುವ ಸೆಳವೂ ಅದೇ. ಸ್ಕೀಯವರಿಗೆ ಮಾತ್ರ ಅದು ಹೊರಗೆ ಹೋಗುವ ದಾರಿ. ಈಜು ಬರುತ್ತದೆ, ಜಾಕೆಟ್ ಇದೆ ಅಂದರೆ ಮಾತ್ರ.

ಮಂಗಳೂರಿನ ಹತ್ತಿರದ ಸಸಿಹಿತ್ಲು ಥರದ ಜಾಗದಲ್ಲಿ ಇನ್ನೊಂದು ನೋಡಬೇಕು. ಅಲ್ಲಿ ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಹೊಳೆ ನೀರು ಅಳಿವೆಯಿಂದ ಹೊರಗೆ ನುಗ್ಗುತ್ತದೆ. ಎದುರಿಗೆ ಬರುವ ಅಲೆ ಅದಕ್ಕೆ ತಾಗಿ ಗೋಡೆ ಥರ ಎದ್ದು ನಿಲ್ಲುತ್ತದೆ. ಒಂದು ಗಂಟೆ ಹಿಂದೆ ಆರಾಮಾಗಿ ದಾಟಿದ ಜಾಗವೇ ಬೇರೆ ಊರಾಗಿರುತ್ತದೆ.

ಇಷ್ಟಾದ ಮೇಲೂ ಅನುಮಾನ ಇದ್ದರೆ ನನ್ನದೊಂದು ಪರೀಕ್ಷೆ ಇದೆ. ಸ್ಕೀ ಬಿಟ್ಟು, ಜಾಕೆಟ್ ಹಾಕಿಕೊಂಡು, ಬರೀ ಈಜಿ ಅಲೆ ದಾಟಿ ವಾಪಸ್ ಬರಬಲ್ಲೆನಾ? ಇಲ್ಲ ಅನಿಸಿದರೆ ಸ್ಕೀ ಕಾರಿನ ಮೇಲೇ ಇರಲಿ.

ಕೂರುವ ಮೊದಲೇ ಸ್ಕೀ ಅಡ್ಡ ತಿರುಗುತ್ತದೆ

ತುಂಬ ಮಂದಿ ಸ್ಕೀಯ ಮೂತಿ ಹಿಡಿದು ನಿಲ್ಲುತ್ತಾರೆ. ಎಮ್ಮೆಯ ಮೂಗುದಾರ ಹಿಡಿದ ಹಾಗೆ. ಆಗ ಹಿಂಬದಿ ನೀರು ಹೇಳಿದ ಕಡೆ ಹೋಗುತ್ತದೆ. ಹಿಡಿಯಬೇಕಾದ್ದು ಮಧ್ಯದಲ್ಲಿ, ಕೂರುವ ಗುಂಡಿಯ ಪಕ್ಕ ನಿಂತು. ಒಂದು ಕೈ ಪಾದ ತೂರಿಸುವ ಕಾಲುಪಟ್ಟಿಯ ಮೇಲೆ, ಇನ್ನೊಂದು ಕೈಯಲ್ಲಿ ಹುಟ್ಟು. ನೀರು ಸೊಂಟಕ್ಕಿಂತ ಕೆಳಗಿರಬೇಕು. ಅಲೆ ಬಂದಾಗ ಸ್ಕೀಯನ್ನು ಒತ್ತಿ ಹಿಡಿಯಬೇಡಿ, ಮೂತಿ ಏಳಲಿ, ಇಳಿಯಲಿ. ನೀವು ಜೊತೆಗೆ ಒಂದು ಹೆಜ್ಜೆ ಹಾಕಿ ಅದನ್ನು ನೇರ ಇಟ್ಟುಕೊಂಡರೆ ಸಾಕು.

ನೇರ ಅಂದರೆ ಯಾವುದಕ್ಕೆ ನೇರ? ಇದೇ ಎರಡನೇ ತಪ್ಪು. ದಡಕ್ಕೆ ನೇರ ಅಲ್ಲ, ಅಲೆಗೆ ನೇರ. ಅಲೆ ಸ್ವಲ್ಪ ಓರೆಯಾಗಿ ಬರುತ್ತಿದ್ದರೆ ಸ್ಕೀಯೂ ಅಷ್ಟೇ ಓರೆಯಾಗಿ ಅದರ ಮುಖ ನೋಡಬೇಕು.

ಒಂದು ಮಾತನ್ನು ಯಾವತ್ತೂ ಮರೆಯಬೇಡಿ. ಸ್ಕೀಗೂ ದಡಕ್ಕೂ ನಡುವೆ ನಿಲ್ಲಬೇಡಿ. ನಾನು ಒಮ್ಮೆ ಕುತೂಹಲಕ್ಕೆ ನನ್ನ ಸ್ಕೀಯ ಗುಂಡಿಗಳಿಗೆ ಬಕೆಟ್‌ನಲ್ಲಿ ಅಳೆದು ನೀರು ತುಂಬಿದೆ. 40 ಲೀಟರ್ ಹಿಡಿಯಿತು. ಅಂದರೆ ಅಡ್ಡ ತಿರುಗಿದ ಸ್ಕೀ ನೊರೆಯ ಜೊತೆ ಬರುವಾಗ ತನ್ನ ತೂಕದ ಮೇಲೆ ಇನ್ನೂ 40 ಕೆಜಿ ಹೊತ್ತು ನಿಮ್ಮ ಮೊಣಕಾಲಿಗೆ ಬರುತ್ತದೆ. ಸ್ಕೀ ತಿರುಗಿತು ಅಂದರೆ ನೀವು ಕಡಲ ಕಡೆಗೆ ಹೋಗಿ.

ಮೂತಿ ಎದ್ದು ಹಿಂದಕ್ಕೆ ಎಸೆಯುತ್ತದೆ

ಇದೇ ದೊಡ್ಡ ಕಾಯಿಲೆ. ಇದಕ್ಕೆ ನನ್ನ ಅಕ್ಕನ ಮಗನ ಕೇಸೇ ಉದಾಹರಣೆ. ಹುಡುಗ ಅರಕಲಗೂಡಿನವನು, ನನಗಿಂತ ಗಟ್ಟಿ, ಕೆರೆಯಲ್ಲಿ ನನಗಿಂತ ವೇಗ. ಕಡಲಲ್ಲಿ ಮಾತ್ರ ಒಂದೇ ಬೆಳಗಲ್ಲಿ ನಾಲ್ಕು ಸಲ ಬಿದ್ದ. ನಾಲ್ಕು ಸಲವೂ ಒಂದೇ ರೀತಿ. ಅಲೆ ಎದ್ದು ಒಡೆಯುವ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಹೋಗುತ್ತಿದ್ದ. ಮೂತಿ ಆಕಾಶಕ್ಕೆ, ಹುಡುಗ ನೀರಿಗೆ, ಸ್ಕೀ ದಡಕ್ಕೆ.

"ಮಾವ, ಸ್ಪೀಡ್ ಸಾಲ್ತಿಲ್ಲ" ಅಂದ. ನಾನೂ ಹಾಗೇ ಅಂದುಕೊಂಡೆ.

ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು ಆಗಿನಿಂದ ನಮ್ಮನ್ನೇ ನೋಡುತ್ತಿದ್ದರು. "ಎಂತ ಮಾರಾಯ್ರೆ, ಬಸ್ಸು ತಪ್ಪಿ ಹೋದ ಹಾಗೆ ಓಡ್ತೀರಿ? ಸ್ವಲ್ಪ ಕೂತ್ಕೊಳ್ಳಿ, ಅದು ಎಷ್ಟು ಸಲ ಬರ್ತದೆ ನೋಡಿ" ಅಂದರು.

ಕೂತೆವು. ನಾನು ವಾಚ್ ಹಿಡಿದೆ. ಅಲೆಗಳು ಒಂದೇ ಸಮ ಬರುವುದಿಲ್ಲ, ಗುಂಪಾಗಿ ಬರುತ್ತವೆ. ದೂರದಿಂದ ಬರುವ ಎರಡು ಮೂರು ಥರದ ಅಲೆಸಾಲುಗಳು ಕೆಲವು ಸಲ ಒಂದರ ಮೇಲೊಂದು ಕೂಡುತ್ತವೆ, ಆಗ ದೊಡ್ಡವು ಬರುತ್ತವೆ. ಕೆಲವು ಸಲ ಒಂದನ್ನೊಂದು ಕಳೆಯುತ್ತವೆ, ಆಗ ಬಿಡುವು. ಆವತ್ತು ಐದಾರು ದೊಡ್ಡ ಅಲೆ ಆದ ಮೇಲೆ ಸುಮಾರು 40 ಸೆಕೆಂಡ್ ಬಿಡುವು ಸಿಗುತ್ತಿತ್ತು. ಹತ್ತು ನಿಮಿಷ ನೋಡಿದರೂ ಲೆಕ್ಕ ದೊಡ್ಡದಾಗಿ ಬದಲಾಗಲಿಲ್ಲ.

ಒಡೆಯುವ ಪಟ್ಟಿ ಸುಮಾರು 60 ಮೀಟರ್ ಇತ್ತು. ಹುಡುಗ ಗಂಟೆಗೆ 9 ಕಿ.ಮೀ. ಹೋದರೂ 24 ಸೆಕೆಂಡಿಗೆ ದಾಟಬೇಕು. 40ರಲ್ಲಿ 24 ಕಳೆದರೆ 16 ಉಳಿಯಿತು. ಬೇಕಾದಷ್ಟಾಯಿತು ಅಲ್ವಾ? ಹಾಗಾದರೆ ಆ 16 ಸೆಕೆಂಡ್ ಯಾರು ತಿಂದರು?

ಐದನೇ ಸಲ ಅವನನ್ನು ಕಳಿಸುವಾಗ ನಾನು ಅಲೆ ನೋಡಲಿಲ್ಲ, ಹುಡುಗನನ್ನು ನೋಡಿದೆ. ದೊಡ್ಡದು ಹೋಯಿತು. "ಹೋಗು" ಅಂದೆ. ಕುಂಡಿ ಊರಿದ. ಎಡಗಾಲು ಒಳಗೆ ತಂದ. ಬಲಗಾಲು ತಂದ. ಪಾದವನ್ನು ಪಟ್ಟಿಗೆ ತೂರಿಸಿ ಸರಿಮಾಡಿಕೊಂಡ. ಬೆನ್ನು ನೆಟ್ಟಗೆ ಮಾಡಿದ. ಹುಟ್ಟನ್ನು ಕೈಯಲ್ಲಿ ತಿರುಗಿಸಿ ಅದರ ಚಪ್ಪಟೆ ತುದಿ, ಅಂದರೆ ಬ್ಲೇಡ್, ಯಾವ ಕಡೆ ಇದೆ ಅಂತ ನೋಡಿದ. ಆಮೇಲೆ ಮೊದಲ ಎಳೆತ. 11 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ನಿಂತ ಸ್ಕೀಯನ್ನು ಸಣ್ಣ ನೊರೆಗಳು ನಾಲ್ಕು ಮೀಟರ್ ಹಿಂದಕ್ಕೂ ತಳ್ಳಿದ್ದವು. ಆ ನಾಲ್ಕು ಮೀಟರ್, ನಿಂತಲ್ಲಿಂದ ವೇಗ ಹಿಡಿಯುವ ಹೊತ್ತು ಎರಡೂ ಸೇರಿದರೆ 16 ಅಲ್ಲಿಗೇ ಮುಗಿಯಿತು.

ಅವನು ಇದನ್ನು ಕಲಿತದ್ದು ಎಲ್ಲಿ? ನಮ್ಮ ಕೆರೆಯಲ್ಲಿ. ಅಲ್ಲಿ ಕಲ್ಲಿನ ಮೆಟ್ಟಿಲಿದೆ. ಪಂಪಿನ ಪೈಪ್ ಹಿಡಿದು ಆರಾಮಾಗಿ ಕೂರಬಹುದು, ಸೀಟು ಒರೆಸಿಕೊಳ್ಳಬಹುದು, ಬೇಕಾದರೆ ಒಂದು ಲೋಟ ಕಾಫಿಯನ್ನೂ ಕುಡಿಯಬಹುದು. ಕೆರೆ ಯಾರನ್ನೂ ಅವಸರ ಮಾಡುವುದಿಲ್ಲ. ಫುಟ್‌ವಾಲ್ವ್‌ನ ಎಲೆ ಸಿಕ್ಕಿದ್ದು ಇಲ್ಲಿ.

ರಿಪೇರಿಯೂ ಕೆರೆಯಲ್ಲೇ. ಮೆಟ್ಟಿಲು ಬಿಡಿ, ಮೊಣಕಾಲು ನೀರಿಗೆ ಹೋಗಿ. ಸ್ಕೀ ಪಕ್ಕ ನಿಂತು ನೇರ ಕುಂಡಿ ಗುಂಡಿಗೆ ಹಾಕಿ. ಎರಡೂ ಕಾಲು ಹೊರಗೇ ಇರಲಿ, ಆಚೆ ಒಂದು ಈಚೆ ಒಂದು. ಹಾಗೇ ಎರಡು ಮೂರು ಸಲ ಹುಟ್ಟು ಎಳೆಯಿರಿ. ಸ್ಕೀ ಹೊರಟ ಮೇಲೆ ಎಳೆಯುತ್ತಲೇ ಒಂದು ಕಾಲು ಒಳಗೆ, ಮತ್ತೆರಡು ಎಳೆತ, ಇನ್ನೊಂದು ಕಾಲು. ಹೊರಗಿದ್ದಷ್ಟು ಹೊತ್ತು ಆ ಕಾಲುಗಳೇ ಸಮತೋಲ ಕೊಡುತ್ತವೆ. ಹುಟ್ಟಿನ ಹಿಡಿ ಎಲ್ಲಿ ಅಂತ ಕಣ್ಣಲ್ಲಿ ಹುಡುಕಬಾರದು. ಅಲ್ಲಿ ಒಂದು ಸುತ್ತು ಟೇಪ್ ಸುತ್ತಿ, ಬೆರಳಿಗೇ ಗೊತ್ತಾಗುತ್ತದೆ.

ಎರಡು ಭಾನುವಾರ ಬರೀ ಇದನ್ನೇ ಮಾಡಿಸಿದೆ. ಹತ್ತು, ಇಳಿ, ಹತ್ತು, ಇಳಿ. ತೋಟದ ಲೆಕ್ಕ ಬರೆಯುವ ರೈಟರ್ ಕೆರೆ ಏರಿ ಮೇಲೆ ನಿಂತು ನೋಡಿ ನೋಡಿ ಸಾಕಾಗಿ, "ಏನ್ ಸಾರ್, ಹತ್ತೋದು ಇಳಿಯೋದು ಇಷ್ಟೇನಾ? ಎಲ್ಲೂ ಹೋಗಲ್ವಾ ಇದು?" ಅಂದ. 11 ಸೆಕೆಂಡ್ ಇಳಿದು 4ಕ್ಕೆ ಬಂತು. ಮುಂದಿನ ಸಲ ಅದೇ ದಡದಲ್ಲಿ ಹುಡುಗ ಮೊದಲ ಸಲಕ್ಕೇ ದಾಟಿದ. ವೇಗ ಒಂಚೂರೂ ಜಾಸ್ತಿ ಆಗಿರಲಿಲ್ಲ.

ಹತ್ತುವುದು ಸರಿ ಇದ್ದೂ ಎಸೆಯುತ್ತಿದ್ದರೆ ತಪ್ಪು ನಡುದಾರಿಯಲ್ಲಿದೆ. ಎದುರಿಗೆ ಬರುವುದನ್ನು ಮೂರು ಥರ ಮಾಡಿಕೊಳ್ಳಿ. ಇನ್ನೂ ಒಡೆಯದ ಹಸಿರು ಬೆನ್ನು, ಅದಕ್ಕೆ ಜೋರಾಗಿ ಎಳೆದು ಹತ್ತಿ ಇಳಿಯುವುದು. ಆಗಲೇ ಒಡೆದ ನೊರೆ, ಅದಕ್ಕೆ ವೇಗ ಹಿಡಿದು ಹೋಗಿ, ತಾಗುವ ಮುಂಚೆ ಸ್ವಲ್ಪ ಹಿಂದೆ ವಾಲಿ ಮೂತಿ ಹಗುರ ಮಾಡಿ. ತಾಗಿದ ತಕ್ಷಣ ಮುಂದೆ ಬಗ್ಗಿ, ನೊರೆಯ ಆಚೆಗಿನ ಗಟ್ಟಿ ನೀರಿಗೆ ಬ್ಲೇಡ್ ಊರಿ ಎಳೆಯಿರಿ. ನೊರೆಯಲ್ಲಿ ಅರ್ಧ ಗಾಳಿ, ಬ್ಲೇಡಿಗೆ ಹಿಡಿತ ಸಿಗುವುದಿಲ್ಲ. ಆಚೆಗೆ ಕೈ ಚಾಚಬೇಕು. ಮೂರನೆಯದು ಈಗಲೋ ಆಗಲೋ ಒಡೆಯುವ ಅಲೆ. ಅದರ ಬಾಯಿಗೆ ಹೋಗಬೇಡಿ. ದೂರದಲ್ಲೇ ನಿಧಾನ ಮಾಡಿ, ಬೇಕಾದರೆ ಎರಡು ಎಳೆತ ಹಿಂದಕ್ಕೂ ಬನ್ನಿ. ನಿಮ್ಮ ಎದುರಿಗೆ ಒಡೆದು ನೊರೆಯಾಗಲಿ, ಆಮೇಲೆ ನುಗ್ಗಿ.

ಯಾವುದು ಯಾವುದು ಅಂತ ತೀರ್ಮಾನಿಸಲು ಒಂದೆರಡು ಸೆಕೆಂಡ್ ಮಾತ್ರ ಸಿಗುತ್ತದೆ. ತೀರ್ಮಾನ ತಪ್ಪಾದರೂ ಪೂರ್ತಿ ಮಾಡಿದವರು ಎಷ್ಟೋ ಸಲ ದಾಟಿಬಿಡುತ್ತಾರೆ. ನಡುವೆ ಅನುಮಾನ ಬಂದು ಹುಟ್ಟು ಎತ್ತಿಕೊಂಡು ಕೂತವರು ದಾಟುವುದಿಲ್ಲ.

ಸ್ಕೀ ಭಾರ, ಎಳೆದರೂ ಓಡುವುದಿಲ್ಲ

ನೀರು ಸೇರಿದೆ. ಎಲ್ಲಿ ಅನ್ನುವುದಷ್ಟೇ ಪ್ರಶ್ನೆ.

ಗುಂಡಿಯಲ್ಲಿದ್ದರೆ ಕಣ್ಣಿಗೆ ಕಾಣುತ್ತದೆ. ಅದನ್ನು ಹೊರಹಾಕಲು ಕಾಲಿನ ಗುಂಡಿಯ ತಳದಲ್ಲಿ ಬೇಲರ್ ಇರುತ್ತದೆ. ಅದಕ್ಕೆ ಮೋಟಾರಿಲ್ಲ. ಸ್ಕೀ ಓಡುವಾಗ ಕೆಳಗೆ ಹರಿಯುವ ನೀರೇ ಗುಂಡಿಯ ನೀರನ್ನು ಹೀರುತ್ತದೆ. ಸ್ಕೀ ನಿಂತರೆ ಅದು ಸುಮ್ನೆ ಒಂದು ತೂತು, ಕೆಳಗಿನ ನೀರೇ ಮೇಲೆ ಬರುತ್ತದೆ. ಹಾಗಾಗಿ ನಿಂತುಕೊಂಡು ನೀರು ಹೋಗಲಿ ಅಂತ ಕಾಯಬೇಡಿ. ಓಡುವಾಗಲೂ ಹೋಗದಿದ್ದರೆ ಮರಳು ಸಿಕ್ಕಿಕೊಂಡಿದೆ, ದಡದಲ್ಲೇ ಒಂದು ಕಡ್ಡಿ ಹಾಕಿ ನೋಡಬಹುದಿತ್ತು.

ಕಷ್ಟದ್ದು ಸ್ಕೀಯ ಟೊಳ್ಳು ಹೊಟ್ಟೆಯೊಳಗಿನ ನೀರು. ಅದು ಕಾಣುವುದಿಲ್ಲ. ಅಲುಗಾಡಿಸಿದರೆ ಕೊಡದಲ್ಲಿ ನೀರು ಆಡಿದ ಸದ್ದು ಬರುತ್ತದೆ. ನಾನು ಒಮ್ಮೆ ಕಾಫಿ ಮೂಟೆ ತೂಗುವ ತಕ್ಕಡಿಯಲ್ಲೇ ಸ್ಕೀ ಇಟ್ಟೆ. 14 ಕೆಜಿ ಇರಬೇಕಾದ್ದು 19 ತೋರಿಸಿತು. 5 ಲೀಟರ್ ಒಳಗಿತ್ತು. ಆ ನೀರು ಸುಮ್ಮನಿರುವುದಿಲ್ಲ. ಮೂತಿ ಎದ್ದಾಗ ಹಿಂದಕ್ಕೆ ಓಡಿ ಹಿಂಬದಿಯನ್ನು ಕೂರಿಸುತ್ತದೆ. ಆಗಲೇ ಹೇಳಿದ ಮೂತಿ ಎದ್ದು ಎಸೆಯುವ ಕಾಯಿಲೆಗೆ ಇದೂ ಒಂದು ಗುಪ್ತ ಕಾರಣ.

ನೀರು ಹೇಗೆ ಹೋಯಿತು? ಇಲ್ಲಿ ಘಾಟಿಯವರಿಗೇ ಮೀಸಲಾದ ಒಂದು ದೋಷ ಇದೆ. ಮಂಗಳೂರಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಊದಿರುತ್ತದೆ, ನೋಡಿದ್ದೀರಲ್ಲ? ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆ. ಸ್ಕೀಯೂ ಒಂದು ಪ್ಯಾಕೆಟ್ಟೇ. ಘಾಟಿಯ ಮೇಲೆ ಅದರ ಹೊಟ್ಟೆಯ ಮುಚ್ಚಳ ಬಿಗಿಮಾಡಿ ಕೆಳಗೆ ಇಳಿದರೆ ಹೊರಗಿನ ಒತ್ತಡ ಅದನ್ನು ಅಮುಕುತ್ತದೆ. ಪೂರ್ತಿ ಗಾಳಿ ಬಿಗಿ ಇದ್ದರೆ ಒಂದು ಚದರ ಅಡಿಗೆ ಹತ್ತಿರ ಹತ್ತಿರ 100 ಕೆಜಿ ಲೆಕ್ಕ ಆಯಿತು. ತೆಳು ಚಿಪ್ಪಿನ ಬೆಸುಗೆಗೆ ಅದು ಒಳ್ಳೆಯದಲ್ಲ. ಹಾಗೇ ನೀರಿಗೆ ಇಳಿಸಿದರೆ ಒಳಗೆ ಎಳೆತ ಇರುತ್ತದೆ, ಕೂದಲೆಳೆ ಸೀಳು ಸಿಕ್ಕರೂ ನೀರು ಕುಡಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸಕ್ಷನ್ ಲೈನ್ ಲೀಕ್. ಬಿಸಿಲಲ್ಲಿ ಕಾದ ಸ್ಕೀಯನ್ನು ತಣ್ಣನೆ ನೀರಿಗೆ ಹಾಕಿದಾಗಲೂ ಇದೇ ಆಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಘಾಟಿ ಇಳಿಯುವಾಗ, ಹತ್ತುವಾಗ ಹೊಟ್ಟೆಯ ಮುಚ್ಚಳ ಬಿಚ್ಚಿಡಿ. ಬಿಚ್ಚಿದ ಮುಚ್ಚಳ ಕಾರಿನ ಕೀಗೆ ಕಟ್ಟಿ, ಇಲ್ಲದಿದ್ದರೆ ಮರೆತು ಹಾಗೇ ನೀರಿಗೆ ಇಳಿಸುತ್ತೀರಿ. ನಾನು ಇಳಿಸಿದ್ದೇನೆ. ದಡದಲ್ಲಿ ಸ್ಕೀಯನ್ನು ನೆರಳಿಗೆ ಇಟ್ಟು, ಮೇಲೆ ನೀರು ಚೆಲ್ಲಿ ತಣ್ಣಗಾದ ಮೇಲೆ ಮುಚ್ಚಳ ಹಾಕಿ.

ಸೀಳು ಹುಡುಕಲು ಬೆಸುಗೆಯ ಉದ್ದಕ್ಕೂ ಸೋಪಿನ ನೀರು ಹಚ್ಚಿ, ಮುಚ್ಚಳದ ತೂತಿಗೆ ಟ್ಯೂಬ್ ಇಟ್ಟು ಬಾಯಲ್ಲಿ ಊದಿ. ಪಂಕ್ಚರ್ ಅಂಗಡಿಯವರು ನೋಡುವ ಹಾಗೆ ಗುಳ್ಳೆ ನೋಡಿ. ಕಂಪ್ರೆಸರ್ ಹಿಡಿಯಬೇಡಿ. ಸೀಳು ಸಿಗುವ ಬದಲು ಹೊಸದೊಂದು ಹುಟ್ಟುತ್ತದೆ.

ಪೆಡಲ್ ಒತ್ತಿದರೂ ತಿರುಗುವುದಿಲ್ಲ

ಎರಡು ನಿಮಿಷದ ತಪಾಸಣೆ. ಸ್ಕೀ ಮಗುಚಿ ಹಾಕಿ. ಒಬ್ಬರು ಕೈಯಲ್ಲಿ ಪೆಡಲ್ ಒತ್ತಲಿ, ಇನ್ನೊಬ್ಬರು ರಡ್ಡರ್ ನೋಡಿ. ಪೆಡಲ್ ಆಡುತ್ತದೆ, ರಡ್ಡರ್ ತಡವಾಗಿ ಆಡುತ್ತದೆ ಅಂದರೆ ದಾರ ಸಡಿಲ. ಎರಡೂ ಬಿಗಿ ಅಂದರೆ ಮರಳು, ಸಿಹಿನೀರಲ್ಲಿ ತೊಳೆಯಿರಿ. ಪೆಡಲ್ ಸಮ ಇದ್ದಾಗ ರಡ್ಡರ್ ಓರೆ ಇದ್ದರೆ ಕೊನೆಯ ಸಲ ಮರಳಿಗೆ ಕುಟ್ಟಿ ಅದರ ಕಂಬಿ ಬಗ್ಗಿದೆ. ಹೊಟ್ಟೆ ಕೆಳಗೆ ರಡ್ಡರ್ ಇರುವ ಸ್ಕೀಯನ್ನು ಪಾದ ಮುಳುಗುವ ನೀರಿನಿಂದಲೇ ತಳ್ಳಿಕೊಂಡು ಹೋಗುವವರಿಗೆ ಇದು ಖಾಯಂ. ತೊಡೆ ಮಟ್ಟದ ನೀರಿನವರೆಗೆ ಎತ್ತಿಕೊಂಡೇ ಹೋಗಿ. ಹಿಂದೆ ನೇತಾಡುವ, ತಾಗಿದರೆ ಮೇಲೇಳುವ ರಡ್ಡರನ್ನೂ ಹಾಕಿಸಬಹುದು. ಹೊರಗೆ ದೊಡ್ಡ ಅಲೆಯಲ್ಲಿ ಅದರ ಹಿಡಿತ ಕಡಿಮೆ, ಅದು ಒಪ್ಪಿಕೊಳ್ಳಬೇಕಾದ ಮಾತು.

ಎಲ್ಲ ಸರಿ ಇದೆ, ಆದರೂ ತಿರುಗುತ್ತಿಲ್ಲವಾ? ಹಾಗಾದರೆ ರಡ್ಡರ್ ತಪ್ಪಿಲ್ಲ. ನಿಂತ ಸೈಕಲ್ಲಿನ ಹ್ಯಾಂಡಲ್ ತಿರುಗಿಸಿದರೆ ಸೈಕಲ್ ತಿರುಗುತ್ತದಾ? ರಡ್ಡರ್ ಮೇಲೆ ನೀರು ಹರಿಯಬೇಕು. ನೊರೆಯಲ್ಲಿ ಅದಕ್ಕೂ ಹಿಡಿತ ಇಲ್ಲ. ಅಲ್ಲಿ ಸ್ಕೀ ತಿರುಗಿಸುವುದು ಹುಟ್ಟು, ಒಂದು ಪಕ್ಕಕ್ಕೆ ಅಗಲವಾಗಿ ಎಳೆದು. ತಿರುಗಿದ ಮೇಲೆ ಸರಿಮಾಡುವುದಕ್ಕಿಂತ ತಿರುಗುವ ಮೊದಲೇ ನೇರ ಇಟ್ಟುಕೊಳ್ಳುವುದು ಸುಲಭ.

ನೊರೆ ಬಡಿದಾಗ ಪಕ್ಕಕ್ಕೆ ಬೀಳುತ್ತೇನೆ

ಯಾರಾದರೂ ದಡದಿಂದ ವಿಡಿಯೋ ಮಾಡಲಿ. ಹತ್ತರಲ್ಲಿ ಎಂಟು ಸಲ ಹುಟ್ಟು ಎದೆ ಮಟ್ಟದಲ್ಲಿ ಅಡ್ಡ, ಎರಡೂ ಬ್ಲೇಡ್ ಗಾಳಿಯಲ್ಲಿ. ಹೆದರಿದ ಕೈ ತಾನಾಗೇ ಹಾಗೆ ಮಾಡುತ್ತದೆ. ನೀರಲ್ಲಿರುವ ಬ್ಲೇಡೇ ನಿಮ್ಮ ಊರುಗೋಲು, ಅದನ್ನು ಎತ್ತಿಕೊಂಡರೆ ಏನು ಉಳಿಯಿತು? ಅಡ್ಡ ಹಿಡಿದ ಹುಟ್ಟನ್ನು ಅಲೆ ನಿಮ್ಮ ಹಲ್ಲಿಗೇ ತಂದು ಬಡಿಯುತ್ತದೆ, ಅದು ಬೇರೆ. ಹೊಡೆತ ದೊಡ್ಡದಿದ್ದರೆ ಹುಟ್ಟನ್ನು ಸ್ಕೀಯ ಉದ್ದಕ್ಕೆ, ಪಕ್ಕಕ್ಕೆ ತಂದು ಮುಂದೆ ಬಗ್ಗಿ. ಸೊಂಟ ಸಡಿಲ ಇರಲಿ.

ಬಿದ್ದ ಮೇಲೆ ಸ್ಕೀ ಸಿಗುವುದಿಲ್ಲ

ಸಣ್ಣ ನೊರೆಯಲ್ಲಿ ಬಿದ್ದರೆ ಕಾಲುಪಟ್ಟಿಯನ್ನೋ ಹಿಡಿಯನ್ನೋ ಹಿಡಿದುಕೊಳ್ಳಿ, ಹುಟ್ಟನ್ನೂ ಬಿಡಬೇಡಿ. ಕಡಲ ಕಡೆಯಲ್ಲೇ ಇರಿ. ದೊಡ್ಡ ಅಲೆ ಮೇಲೆ ಬರುತ್ತಿದ್ದರೆ ಹಿಂದೆ ಯಾರೂ ಇಲ್ಲ ಅಂತ ನೋಡಿ ಸ್ಕೀ ಬಿಟ್ಟು ಮುಳುಗಿ. ಹಿಡಿದೇ ಇದ್ದರೆ ಭುಜ ಕಳಚುತ್ತದೆ. ಸ್ಕೀ ಇನ್ನೊಂದು ಸಿಗುತ್ತದೆ.

ಸ್ಕೀಯನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್ ಬಗ್ಗೆ ಸ್ಕೀಯವರಲ್ಲಿ ಎರಡು ಪಂಗಡ ಇದೆ. ಅಲೆ ದಾಟಿದ ಮೇಲೆ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊರಗೆ ಗಾಳಿಗೆ ತೇಲಿ ಹೋಗುವ ಸ್ಕೀಯನ್ನು ಈಜಿ ಹಿಡಿಯಲು ಆಗುವುದಿಲ್ಲ. ಅಲೆ ಒಡೆಯುವ ಪಟ್ಟಿಯೊಳಗೆ ಮಾತ್ರ ನಾನು ಕಟ್ಟುವುದಿಲ್ಲ. ದಡಕ್ಕೆ ಓಡುವ ಸ್ಕೀ ಕಾಲು ಹಿಡಿದು ಎಳೆಯುವುದು ನನಗೆ ಬೇಡ. ಹಾಗಾಗಿ ಈಜುವವರು, ಮಕ್ಕಳು ಇರುವ ದಡದಲ್ಲಿ ನಾನು ಇಳಿಸುವುದೂ ಇಲ್ಲ. ಖಾಲಿ ಸ್ಕೀ ಯಾರನ್ನೂ ನೋಡಿಕೊಂಡು ಹೋಗುವುದಿಲ್ಲ.

ಮತ್ತೆ ಹತ್ತುವುದನ್ನು ಕೆರೆಯ ಆಳದಲ್ಲಿ ಎಡಬಲ ಎರಡೂ ಕಡೆಯಿಂದ ಕಲಿತಿರಬೇಕು. ಕೆರೆಯಲ್ಲಿ ಬರದಿದ್ದರೆ ಅಲೆಯಲ್ಲಿ ಬರುವುದಿಲ್ಲ.

ಎಲ್ಲ ಸರಿ ಇದೆ, ಆದರೂ ದಾಟುತ್ತಿಲ್ಲ

ಎಷ್ಟನೇ ಸಲ ಅಂತ ಎಣಿಸಿ. ನಾನು ಮೂರಕ್ಕೆ ನಿಲ್ಲಿಸುತ್ತೇನೆ. ನಾಲ್ಕನೇ ಸಲಕ್ಕೆ ತೋಳು ಸೋತಿರುತ್ತದೆ, ಹತ್ತುವುದು ಮತ್ತೆ 10 ಸೆಕೆಂಡ್ ಆಗಿರುತ್ತದೆ, ಗಾಳಿಯೂ ತಿರುಗುವ ಹೊತ್ತು. ಈಗ ಹೊಸ ದೋಷಗಳು ಸೇರಿಕೊಂಡಿವೆ, ಹಳೆಯದು ಯಾವುದು ಅಂತ ಇನ್ನು ಗೊತ್ತಾಗುವುದಿಲ್ಲ. ಸುಟ್ಟ ವಾಸನೆ ಬಂದ ಮೇಲೂ ಮೋಟಾರ್ ಸ್ವಿಚ್ ಒತ್ತುತ್ತಲೇ ಇರುವವರನ್ನು ನೋಡಿದ್ದೇನೆ.

ಸ್ಕೀ, ಬೇಲರ್, ಪೆಡಲ್ ಸಿಹಿನೀರಲ್ಲಿ ತೊಳೆದು ಕಾರಿನ ಮೇಲೆ ಕಟ್ಟಿ. ನೀರ್‌ದೋಸೆ ತಿನ್ನಿ. ಘಾಟಿಯ ಬುಡದ ಗುಂಡ್ಯ ದಾಟುವ ಮೊದಲು ಮುಚ್ಚಳ ಬಿಚ್ಚಿದ್ದೀರಾ ನೋಡಿಕೊಳ್ಳಿ.